ಮೂರನೆಯ ಚರಣ ಬಿಡದ ದೊಡ್ಡಮ್ಮ

ನಮ್ಮ ಚರ್ಚಿನ ಅಯ್ಯನವರು ದೇವರಿಗೆ ಹೆದರುವವರು. ಆದರೆ ನನ್ನ ದೊಡ್ಡಮ್ಮನಿಗೆ ಅವರು ಹೆದರುವುದು ಅದಕ್ಕಿಂತ ಒಂದು ಹಿಡಿ ಹೆಚ್ಚೇ! ದೇವರು ಕ್ಷಮಿಸುತ್ತಾನೆ ಎಂದು ಬೈಬಲಿನಲ್ಲೇ ಬರೆದಿದೆ. ದೊಡ್ಡಮ್ಮ ಕ್ಷಮಿಸುತ್ತಾರೆ ಎಂದು ಎಲ್ಲಿ ಬರೆದಿದೆ, ಹೇಳಿ?

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಬಿಜೈಯ ನಮ್ಮ ಮನೆಯ ಮೇಲಿನ ಮಹಡಿಯಲ್ಲೇ ಇರುವವರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದರು. ಚರ್ಚಿನ ಕ್ವಾಯರಿನಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ಎರಡೂ ಕಡೆ ಅವರದು ಒಂದೇ ಸಿದ್ಧಾಂತ: ನಡುವಿನ ಸ್ಟೆಪ್ ಹಾರಿಸಬಾರದು.

ಒಂದು ಭಾನುವಾರ ಅಯ್ಯನವರು ಸಮಯ ಉಳಿಸಲೆಂದು, "ಈ ಗೀತೆಯ ಒಂದು, ಎರಡು ಮತ್ತು ನಾಲ್ಕನೆಯ ಚರಣಗಳನ್ನು ಹಾಡೋಣ" ಎಂದರು. ಸಭೆ ಎರಡನೆಯದನ್ನು ಮುಗಿಸಿ ನಾಲ್ಕನೆಯದಕ್ಕೆ ಹಾರಿತು. ದೊಡ್ಡಮ್ಮ ಹಾರಲಿಲ್ಲ. ಒಬ್ಬರೇ, ಎತ್ತರದ ದನಿಯಲ್ಲಿ, ಮೂರನೆಯದನ್ನು ಹಾಡತೊಡಗಿದರು! ಕೀಬೋರ್ಡಿನಲ್ಲಿದ್ದವಳು ನಾನು. ಯಾರ ಹಿಂದೆ ಹೋಗಬೇಕು? ಮುನ್ನೂರು ಜನರ ಹಿಂದೆಯೋ, ನಾಳೆ ಬೆಳಿಗ್ಗೆ ನನಗೆ ಚಹಾ ಕೊಡುವವರ ಹಿಂದೆಯೋ? ನಾನು ಚಹಾದ ಪಕ್ಷ ವಹಿಸಿದೆ. ಮುನ್ನೂರು ಜನ ಮೆಲ್ಲನೆ ಹಿಂದಿರುಗಿ ಮೂರನೆಯ ಚರಣಕ್ಕೆ ಬಂದರು.

ಆರಾಧನೆ ಮುಗಿದ ಮೇಲೆ ಅಯ್ಯನವರು, "ಟೀಚರ್, ಮೂರನೆಯದು ಬಿಡುವ ಅಂತ ಹೇಳಿದ್ದೆನಲ್ಲ?" ಎಂದರು.

"ಕೇಳಿದೆ ಅಯ್ಯನವರೇ. ಎರಡನೇ ಚರಣದಲ್ಲಿ ಕುರಿ ಕಳೆದುಹೋಗ್ತದೆ. ನಾಲ್ಕನೇದರಲ್ಲಿ ನೋಡಿದ್ರೆ ಹಟ್ಟಿಯಲ್ಲಿ ಉಂಟು. ಹುಡುಕಿ ತಂದದ್ದು ಯಾರು? ಅದು ಮೂರನೇದರಲ್ಲಿ ಅಲ್ವಾ ಬರುವುದು? ಕುರಿ ತಾನೇ ಸಿಟಿ ಬಸ್ಸು ಹತ್ತಿ ಬಂತಾ?"

ಅಂದಿನಿಂದ ನಮ್ಮಲ್ಲಿ ಯಾವ ಚರಣವೂ ಬಿಟ್ಟುಹೋಗುವುದಿಲ್ಲ. ಆ ಸಮಯವನ್ನು ಅಯ್ಯನವರ ಉಪದೇಶದಿಂದ ಕಡಿತ ಮಾಡಲಾಗುತ್ತದೆ. ಇದಕ್ಕಾಗಿ ಇಡೀ ಸಭೆ ಗುಟ್ಟಾಗಿ ದೊಡ್ಡಮ್ಮನಿಗೆ ಕೃತಜ್ಞವಾಗಿದೆ!

ನಾವು ಕಾಲೇಜಿನವರು ಸೇರಿ ಗಿಟಾರು, ಡ್ರಮ್ಮು, ಪರದೆಯ ಮೇಲೆ ಸಾಹಿತ್ಯ ಎಂದು ಹೊಸ ಬಗೆಯ ಹಾಡು ಶುರುಮಾಡಿದಾಗ ದೊಡ್ಡಮ್ಮ ಮೊದಲ ಸಾಲಿನಲ್ಲೇ ಕುಳಿತು ಬೆರಳು ಮಡಚಿ ಎಣಿಸಿದರು.

"ಒಂದೇ ಸಾಲು ಹನ್ನೊಂದು ಸಲ! ದೇವರಿಗೆ ಕಿವಿ ಕೇಳುದಿಲ್ವಾ ಎಂತ?"

ನಾನೂ ಬಿಡಲಿಲ್ಲ. "ಬೈಬಲಿನ ಕೀರ್ತನೆಗಳಲ್ಲೂ ಒಂದು ಕಡೆ ಒಂದೇ ಮಾತು ಇಪ್ಪತ್ತಾರು ಸಲ ಉಂಟಲ್ಲ ದೊಡ್ಡಮ್ಮ?"

ಅವರು ಮಡಚಿದ ಬೆರಳು ಬಿಚ್ಚಿದರು. "ಅಲ್ಲಿ ಪ್ರತಿ ಸಲಕ್ಕೂ ಒಂದು ಕಾರಣ ಕೊಟ್ಟಿದ್ದಾರೆ ಮಾರಾಯ್ತಿ. ನಿಮ್ಮದು ಕಾರಣವೇ ಇಲ್ಲದೆ ಹನ್ನೊಂದು!"

ಮುಂದಿನ ವಾರ ಡ್ರಮ್ಮಿನವನಿಗೆ ಜ್ವರ. ತಾಳವಿಲ್ಲದೆ ನಾವು ಎಲ್ಲೆಲ್ಲೋ ಹೋಗುತ್ತಿದ್ದಾಗ ಕ್ವಾಯರಿನ ಕಡೆಯಿಂದ ಚಪ್ಪಾಳೆ ಕೇಳಿಸಿತು. ಗಡಿಯಾರದಷ್ಟು ನಿಖರ. ಕೊನೆಯವರೆಗೂ ಹಿಡಿದು ನಡೆಸಿದವರು ಯಾರೆಂದು ಹೇಳಬೇಕೇ? ಕೇಳಿದರೆ, "ನಿಮ್ಮ ಹಾಡು ನನಗೆ ಆಗುದಿಲ್ಲ. ತಾಳ ತಪ್ಪುವುದು ಅದಕ್ಕಿಂತಲೂ ಆಗುದಿಲ್ಲ" ಎಂದರು.

ನನ್ನ ಅತಿ ದೊಡ್ಡ ಅಪರಾಧ ನಡೆದದ್ದು ಶುಭ ಶುಕ್ರವಾರದಂದು. ಶಿಲುಬೆಯ ಧ್ಯಾನ, ಎಲ್ಲರೂ ತಲೆ ತಗ್ಗಿಸಿದ್ದಾರೆ, ಮೌನ. ನನ್ನ ಬೆರಳು ಯಾವುದೋ ಗುಂಡಿಗೆ ತಾಗಿ ಕೀಬೋರ್ಡಿನಿಂದ ಮದುವೆ ಮನೆಯ ಕುಣಿತದ ತಾಳ ಹೊರಟಿತು! ನಿಲ್ಲಿಸುವಷ್ಟರಲ್ಲಿ ನನ್ನ ಮಾನವೆಲ್ಲ ಹೋಗಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ದೊಡ್ಡಮ್ಮ ಮಹಡಿಯಿಂದ ಇಳಿದು ಬಂದು ಬಾಗಿಲ ಹೊರಗೇ ನಿಂತು ಹೇಳಿದರು: "ಅಳ್ಬೇಡ. ಭಾನುವಾರ ಸಮಾಧಿಯಿಂದ ಏಳಬೇಕಾದವನು ಎರಡು ದಿನ ಬೇಗ ಎದ್ದ ಅಂತ ತಿಳ್ಕೊಳ್ಳುವ."

ಇಂಥವರ ನೆರಳಲ್ಲಿ ಬೆಳೆದ ನನಗೆ ಭಕ್ತಿ ಎಂದರೆ ಗೀತೆ ಪುಸ್ತಕ, ಅಭ್ಯಾಸ, ಭಾನುವಾರ, ನಗು. ನಾನು ನಂಬುತ್ತೇನೆಯೇ ಎಂದು ಕೇಳಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಕಳೆದ ವರ್ಷ ಬಂತು. ಅಮ್ಮನಿಗೆ ಹೃದಯದ ಆಪರೇಷನ್. ಕಂಕನಾಡಿಯ ಆಸ್ಪತ್ರೆಯ ಬೆಂಚಿನ ಮೇಲೆ ದೊಡ್ಡಮ್ಮನ ಪಕ್ಕ ಕುಳಿತು ಕಣ್ಣು ಮುಚ್ಚಿದರೆ ನನಗೆ ಒಂದು ಶಬ್ದವೂ ಬರಲಿಲ್ಲ. ಬಂದದ್ದು ಸಿಟ್ಟು ಮಾತ್ರ.

"ದೊಡ್ಡಮ್ಮ, ನನಗೆ ಪ್ರಾರ್ಥನೆ ಮಾಡ್ಲಿಕ್ಕೆ ಆಗ್ತಾ ಇಲ್ಲ" ಎಂದೆ. ದೊಡ್ಡ ಪಾಠವೊಂದು ಬರುತ್ತದೆಂದು ಕಾದೆ.

"ಆಗದಿದ್ರೆ ಬಿಡು" ಎಂದರು. "ಕ್ವಾಯರಿನಲ್ಲಿ ಒಬ್ಬರು ಉಸಿರು ತಗೊಳ್ಳುವಾಗ ಪಕ್ಕದವರು ಸ್ವರ ಹಿಡ್ಕೊಳ್ಳುದಿಲ್ವಾ? ಹಾಡು ನಿಲ್ತದಾ? ನೀನು ಉಸಿರು ತಗೋ. ನಾನು ಹಿಡ್ಕೊಂಡಿದ್ದೇನೆ."

ಎದುರಿನ ಬೆಂಚಿನಲ್ಲಿ ಹಣೆಗೆ ದೊಡ್ಡ ಕುಂಕುಮವಿಟ್ಟ ಒಬ್ಬ ಹೆಂಗಸು ಇದ್ದರು. ಅವರ ಗಂಡನೂ ಒಳಗಿದ್ದರು. ದೊಡ್ಡಮ್ಮನ ತುಟಿ ಅಲುಗುವುದನ್ನು ನೋಡಿ ಹತ್ತಿರ ಬಂದು ತುಳುವಿನಲ್ಲಿ, "ಎಂಕ್ಲೆನ ಪುದರ್‌ಲಾ ಪಣ್ಲೆ" ಎಂದರು. ನಮ್ಮ ಹೆಸರನ್ನೂ ಹೇಳಿ ಎಂದು. ದೊಡ್ಡಮ್ಮ ಆಕೆಯ ಗಂಡನ ಹೆಸರು ಕೇಳಿದರು: ಸುಂದರ. ಊರು ಕೇಳಿದರು: ಕೊಟ್ಟಾರ. ಬೆಡ್ ನಂಬರೂ ಕೇಳಿದರು. ಲೆಕ್ಕದ ಟೀಚರಲ್ಲವೇ, ದೇವರಿಗೆ ಗೊಂದಲವಾಗಬಾರದು!

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಬಂದು, ಅಮ್ಮನದು ಎಲ್ಲ ಸರಿಯಾಯಿತು ಎಂದರು. ನಾನು ಅಳುತ್ತಾ ದೊಡ್ಡಮ್ಮನನ್ನು ಅಪ್ಪಿಕೊಂಡೆ. ಅವರು ನನ್ನ ಬೆನ್ನು ತಟ್ಟಿ, ಕಣ್ಣೊರೆಸಿಕೊಂಡು, "ಸ್ವಲ್ಪ ತಡಿ. ಸುಂದರಣ್ಣನದ್ದು ಇನ್ನೂ ಆಗ್ಲಿಲ್ಲ" ಎಂದು ಮತ್ತೆ ಕಣ್ಣು ಮುಚ್ಚಿದರು.

ನಾನೂ ಮುಚ್ಚಿದೆ. ಹೆತ್ತ ಅಮ್ಮನಿಗಾಗಿ ಬಾರದಿದ್ದ ಮಾತು, ಮುಖವನ್ನೇ ನೋಡದ ಸುಂದರಣ್ಣನಿಗಾಗಿ ಬಂತು.

ಒಂದು ಗಂಟೆಯ ಮೇಲೆ ಅವರದೂ ಸುಖವಾಗಿ ಮುಗಿಯಿತು. ಆ ಹೆಂಗಸು ಬಂದು ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಮುಚ್ಚಿ ಕುಳಿತಿದ್ದವರಿಗೆ ಹೇಗೆ ತಿಳಿಯಿತೋ, ದೊಡ್ಡಮ್ಮ ನನ್ನತ್ತ ತೋರಿಸಿ ಹೇಳಿದರು:

"ನಾನೊಬ್ಬಳೇ ಅಲ್ಲ. ಇವಳೂ ಇದ್ದಳು."