ಹದಿನಾರರಲ್ಲಿ ಯಾರೂ ಇಲ್ಲ

ಹೊರಡುವ ಮೊದಲು ಟ್ಯಾಂಕಿನೊಳಗೆ ಒಮ್ಮೆ ಬಗ್ಗಿ ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನೋಡಲಿಲ್ಲ. ನಿನ್ನೆ ಸಂಜೆ ತಾನೇ ಕುತ್ತಿಗೆವರೆಗೂ ಡೀಸೆಲ್ ತುಂಬಿಸಿದ್ದಾಗಿತ್ತು. ಬೆಳಿಗ್ಗೆ ಟೀ ಲೋಟ ಹಿಡಿದು ಬೋಟಿನ ರೇಡಿಯೋಗೆ ಕಿವಿ ಕೊಟ್ಟು ಕೂತು ಹೊತ್ತೂ ಆಗಿತ್ತು. ದಡದವರ ಅಂಗಿಯ ಬಣ್ಣ ಕಾಣುವಷ್ಟು ಹತ್ತಿರದಲ್ಲೇ ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಯಿತು.

ಬೇರೆ ಯಾರ ಬೋಟ್ ನಿಂತಿದ್ದರೂ ಪರವಾಗಿರಲಿಲ್ಲ. ನಿಂತದ್ದು ಮೇಷ್ಟ್ರದ್ದು. ಶಾಲೆಯ ಮೇಷ್ಟ್ರಲ್ಲ, ಸಿಕ್ಕಿದವರ ರಟ್ಟೆ ಹಿಡಿದು ಬೋಟ್ ರೇಡಿಯೋ ಪಾಠ ಹೇಳಿ ಹೇಳಿ ಬಂದ ಹೆಸರು.

"ಹದಿನಾರನೇ ಚಾನೆಲ್ ಬಿಟ್ಟು ಅಲ್ಲಾಡಬಾರ್ದು ಕಣ್ರೋ! ಮುಳುಗೋನು ಕೂಗೋದು ಅಲ್ಲೇ. ಪಕ್ಕದ ಚಾನೆಲ್ಲಲ್ಲಿ ಯಾರೋ ಸ್ವಂತ ಮಾತಾಡ್ತಿದ್ರೆ ಹಿಂದೆ ಹೋಗಿ ಕಿವಿ ಇಡ್ತೀರಲ್ಲ, ನಾಚಿಕೆ ಆಗಲ್ವಾ?"

ಸಂಜೆ ಬೋಟಿನವರ ಸಂಘದಲ್ಲಿ ಸುರಕ್ಷತೆಯ ಮುಖಂಡನ ಆಯ್ಕೆ. ಮೇಷ್ಟ್ರು ಅಂಗಿಗೆ ಇಸ್ತ್ರಿ ಹಾಕಿಸಿ ಇಟ್ಟಿದ್ದರು.

ಲಂಗರು ಇಳಿಸಿ ರೇಡಿಯೋದ ಕೆಂಪು ಗುಂಡಿಯನ್ನು ನೋಡಿದರು. ಒತ್ತಿದರೆ ಸುತ್ತಲಿನ ರೇಡಿಯೋಗಳೆಲ್ಲ ಒಟ್ಟಿಗೆ ಬಾಯಿ ಬಡಿದುಕೊಳ್ಳುತ್ತವೆ. ಆದರೆ ಅದು ಪ್ರಾಣ ಹೋಗುವಾಗ ಒತ್ತುವುದು. ಮಾನ ಹೋಗುವಾಗ ಒತ್ತುವ ಗುಂಡಿಯನ್ನು ಇನ್ನೂ ಯಾರೂ ಮಾಡಿಲ್ಲ.

ಹದಿನಾರರಲ್ಲಿ ಭಾವಮೈದನನ್ನು ಕೂಗಿ, "ಎಪ್ಪತ್ತೆರಡಕ್ಕೆ ಬಾ" ಎಂದರು. ಅಲ್ಲಿ ದನಿ ತಗ್ಗಿಸಿ, "ಡೀಸೆಲ್ ಖಾಲಿ ಕಣೋ. ಒಂದು ಕ್ಯಾನ್ ತಗೊಂಡು ಗುಟ್ಟಾಗಿ ಬಾ."

"ಅಯ್ಯೋ ಭಾವ, ಅದು ಬೆಳಿಗ್ಗೆನೇ ನಿಮಗೆ..."

ನಡುವೆ ಒಂದು ಕೆಮ್ಮು ಬಂತು.

"ಯಾವನೋ ಅದು ಕೆಮ್ಮಿದ್ದು?"

"ನಾನಲ್ಲ ಮೇಷ್ಟ್ರೇ," ಎಂದಿತು ಒಂದು ದನಿ.

"ನಾನೂ ಅಲ್ಲ," ಎಂದಿತು ಇನ್ನೊಂದು.

ಮೇಷ್ಟ್ರ ಕಿವಿ ಕಾದ ಕಾವಲಿಯಾಯಿತು. "ಅರವತ್ತೆಂಟಕ್ಕೆ ಬಾರೋ!" ಎಂದು ಹಾರಿದರು. ಬೆಲ್ಲದ ಹಿಂದೆ ಇರುವೆ ಹೊರಟ ಹಾಗೆ ಬಂದರಿನ ಬೋಟುಗಳೆಲ್ಲ ಅರವತ್ತೆಂಟಕ್ಕೆ ಹೊರಟವು.

"ಭಾವ, ನಾ ಹೇಳೋದು ಸ್ವಲ್ಪ ಕೇಳಿ, ಬೆಳಿಗ್ಗೆ..."

"ಬಾಯಿ ಮುಚ್ಚು! ಎಪ್ಪತ್ತೇಳಕ್ಕೆ ಬಾ!"

"ನಿಧಾನ ಮೇಷ್ಟ್ರೇ," ಮಂಜುಗಡ್ಡೆ ಸಾಗಿಸುವ ಬೋಟಿನವನು ಗೋಗರೆದ. "ನಮ್ದು ಹಳೇ ರೇಡಿಯೋ, ತಿರುಗಿಸೋಕೆ ಟೈಮ್ ಹಿಡಿಯುತ್ತೆ."

ಸಾಕಾಯಿತು. ಹೋಗುವ ಮಾನ ನೆಟ್ಟಗಾದರೂ ಹೋಗಲಿ ಎಂದು ಮೇಷ್ಟ್ರು ಹದಿನಾರಕ್ಕೆ ಮರಳಿ, ತಮ್ಮ ಪಾಠದಂತೆಯೇ ಬೋಟಿನ ಹೆಸರು, ನಿಂತ ಜಾಗ ಹೇಳಿ, "ಡೀಸೆಲ್ ಮುಗಿದಿದೆ, ಎಳ್ಕೊಂಡು ಹೋಗಿ" ಎಂದರು. ಉತ್ತರವಿಲ್ಲ. ಮತ್ತೆ ಕರೆದರು. ಗೊರ್ರ್ ಎಂಬ ಸದ್ದು ಬಿಟ್ಟರೆ ಹದಿನಾರು ಮದುವೆ ಮುಗಿದ ಚಪ್ಪರದಂತೆ ಖಾಲಿ. ಎಲ್ಲರೂ ಎಪ್ಪತ್ತೇಳರಲ್ಲಿ ಬಾಯಿ ತೆರೆದು ಕಾಯುತ್ತಿದ್ದರು. ಕೊನೆಗೆ ಮೇಷ್ಟ್ರೇ ಅಲ್ಲಿಗೆ ಹೋಗಿ, "ಎಲ್ರೂ ಹದಿನಾರಕ್ಕೆ ಬನ್ರಪ್ಪಾ" ಎಂದು ಕರೆದು ತರಬೇಕಾಯಿತು.

ಬಂದವರನ್ನು ಬಿಡಲಿಲ್ಲ. "ನಾನು ಮುಳುಗ್ತಿದ್ದಿದ್ರೆ? ಹದಿನಾರರಲ್ಲಿ ಒಂದು ನರಪಿಳ್ಳೆನಾದ್ರೂ ಇತ್ತೇನ್ರೋ? ಕದ್ದು ಕೇಳೋ ಚಟ ಒಂದು ಹೆಣ ಉರುಳಿಸಿದ ಮೇಲೇ ಬಿಡೋದಾ?"

ಒಬ್ಬೊಬ್ಬನೇ, "ತಪ್ಪಾಯ್ತು ಮೇಷ್ಟ್ರೇ."

"ಸಂಜೆ ನೀವೇ ಮುಖಂಡ್ರು, ಎರಡು ಮಾತಿಲ್ಲ," ಎಂದ ಇನ್ನೊಬ್ಬ.

ಮೇಷ್ಟ್ರ ಎದೆ ಉಬ್ಬಿತು.

"ಈಗಾದ್ರೂ ಹೇಳ್ಲಾ ಭಾವ?" ಭಾವಮೈದನ ದನಿ. "ಬೆಳಿಗ್ಗೆ ನೀವು ಬರೋ ಮುಂಚೆ ನಿಮ್ಮ ಟ್ಯಾಂಕಿಂದ ಡೀಸೆಲ್ ತೆಗೆದಿದ್ದು ನಾನೇ. ಹೊರಡೋ ಮುಂಚೆ ತುಂಬಿಸ್ಕೊಳ್ಳಿ ಅಂತ ಹದಿನಾರರಲ್ಲಿ ಗಂಟಲು ಹರ್ಕೊಂಡೆ. ಆಗ ನೀವೆಲ್ಲಿ ಹೋಗಿದ್ರಿ?"



"ಒಂದ್ನಿಮಿಷ," ಮಂಜುಗಡ್ಡೆ ಬೋಟಿನವನು ಎಳೆದೆಳೆದು ಹೇಳಿದ. "ಬೆಳಿಗ್ಗೆ ನಾನೂ ನನ್ನ ಹೆಂಡ್ತೀನೂ ಎಪ್ಪತ್ತೆರಡರಲ್ಲಿ ಜಗಳ ಆಡ್ತಿದ್ವಿ. ಮಧ್ಯ ಯಾರದೋ ಮೈಕಿನ ಗುಂಡಿ ಒತ್ತಿ ಹೋಗಿ, ಸೊರ್ ಅಂತ ಟೀ ಹೀರಿದ್ದು ಕೇಳಿಸ್ತು. ಮೇಷ್ಟ್ರೇ... ಅದು ನೀವಾ?"

ಮೇಷ್ಟ್ರು ರೇಡಿಯೋ ಆರಿಸಲು ಕೈ ಚಾಚಿದರು. ಸ್ವಿಚ್ಚಿನ ಮೇಲೆ ಅವರೇ ದಪ್ಪಕ್ಷರದಲ್ಲಿ ಬರೆದಿದ್ದರು: ನೀರಿನಲ್ಲಿರುವಾಗ ಆರಿಸಕೂಡದು.

ಆರಿಸಲಿಲ್ಲ. ದಡ ಮುಟ್ಟುವವರೆಗೂ ತಲೆ ತಗ್ಗಿಸಿ ಕೇಳುತ್ತ ಕೂತರು.