ಬಾವಿಯೊಳಗೆ ನಾನೊಬ್ಬನೇ

ಅಪಾಯಕ್ಕೆ ಹೆದರದವರನ್ನು ಧೈರ್ಯವಂತರು ಎನ್ನುತ್ತಾರೆ. ನನ್ನದು ಬೇರೆ ಜಾತಿ. ಅಪಾಯಕ್ಕೂ ಹೆದರುತ್ತೇನೆ, ಆದರೆ ನೋಡಿ ನಗುವವರಿಗೆ ಅದಕ್ಕಿಂತ ಹೆಚ್ಚು ಹೆದರುತ್ತೇನೆ. ಬಸ್ಸಿನಿಂದ ಇಳಿಯುವಾಗ ಬಿದ್ದರೆ ಮೊದಲು ಸುತ್ತಲೂ ನೋಡುತ್ತೇನೆ, ಮೊಣಕಾಲು ನೋಡಿಕೊಳ್ಳುವುದು ಆಮೇಲೆ. ಇಂಥ ಸ್ವಭಾವದವನು ನೀರಿನೊಳಗೆ ಒಬ್ಬನೇ ಮುಳುಗುವ ಸಾಹಸಕ್ಕೆ ಕೈ ಹಾಕಬಾರದು. ಎಂಬತ್ತರ ದಶಕದ ಮೊದಲಲ್ಲಿ, ಆರ್.ಟಿ. ನಗರದ ನಮ್ಮ ಮನೆಯ ಹಿತ್ತಿಲಲ್ಲಿ, ನಾನು ಹಾಕಿದೆ.

ಆಗ ನಮ್ಮ ಬೀದಿಯಲ್ಲಿ ನಲ್ಲಿಯ ನೀರು ಮನಸ್ಸು ಬಂದಾಗ ಬರುತ್ತಿತ್ತು, ಬಾವಿಯ ನೀರು ಯಾವಾಗಲೂ ಇರುತ್ತಿತ್ತು. ಒಂದು ದಿನ ನನ್ನ ಹೆಂಡತಿ ಸರೋಜಳ ತವರಿನ ತಾಮ್ರದ ಕೊಡ ಹಗ್ಗ ಜಾರಿ ಬಾವಿಗೆ ಬಿತ್ತು. ಮೂಲೆಮನೆಯ ಮುನಿಯಮ್ಮನವರಿಂದ ಪಾತಾಳಗರಡಿ ತಂದೆ. ಕೊಕ್ಕೆಗಳ ಆ ಕಬ್ಬಿಣದ ಗೊಂಚಲು ನಮ್ಮ ಬೀದಿಗೆಲ್ಲ ಒಂದೇ. ನಾನು ಜಾಲಾಡಿಸಿದ ರಭಸಕ್ಕೆ ಹಗ್ಗ ಕಿತ್ತು ಅದೂ ಬಾವಿ ಸೇರಿತು. ಹೊಲ ಮಾರಿ ನಮ್ಮ ಬಡಾವಣೆಗೆ ಜಾಗ ಕೊಟ್ಟ ಮನೆತನದ ಹೆಂಗಸು ಮುನಿಯಮ್ಮ. ದಿನಾ ಬೆಳಿಗ್ಗೆ ಗೇಟಿನ ಬಳಿ ನಿಂತು, "ನಮ್ ಗರಡಿ ಎಲ್ಲಪ್ಪಾ? ಇಂಗ್ ಮಾಡಿದ್ರೆ ಎಂಗೆ?" ಎಂದು ಇಡೀ ಬೀದಿಗೆ ಕೇಳುವಂತೆ ವಿಚಾರಿಸುತ್ತಿದ್ದರು.

ಪಕ್ಕದ ಮನೆಯ ಗೌಸ್ ಸಾಹೇಬರಿಗೆ ಹೆಬ್ಬಾಳದ ರಸ್ತೆಯಲ್ಲಿ ಟೈರ್ ಅಂಗಡಿ. ಅವರ ತಮ್ಮ ದುಬೈಯಿಂದ ಟೇಪ್‌ರೆಕಾರ್ಡರ್ ಜೊತೆಗೆ ಸಮುದ್ರದಲ್ಲಿ ಮುಳುಗುವವರ ಸಲಕರಣೆಯನ್ನೂ ತಂದಿದ್ದ. ಬೆನ್ನಿಗೆ ಕಟ್ಟುವ ಸಿಲಿಂಡರು, ಬಾಯಿಗಿಡುವ ಕೊಳವೆ, ಮುಖಕ್ಕೆ ಗಾಜಿನ ಮುಚ್ಚಳ. ಸಿಲಿಂಡರು ಖಾಲಿಯಿತ್ತು. ಗೌಸ್ ಸಾಹೇಬರು ಲಾರಿ ಟೈರಿಗೆ ತುಂಬುವ ಗಾಳಿಯನ್ನೇ ಅದಕ್ಕೂ ತುಂಬಿಕೊಟ್ಟು, ಜೊತೆಗಿದ್ದ ಪುಸ್ತಕ ಬಿಡಿಸಿ ತೋರಿಸಿದರು.

"ನೋಡಿ ಸಾರ್, ಎಲ್ಲಾ ಫೋಟೋದಲ್ಲೂ ಇಬ್ರಿದ್ದಾರೆ. ಒಬ್ರೇ ಇಳೀಬೇಡಿ. ನನ್ನ ಕೂಗಿ, ನಾನು ಮೇಲೆ ನಿಂತ್ಕೋತೀನಿ."

"ಅವರು ಗಂಡ ಹೆಂಡತಿ ಇರಬೇಕು ಸಾಹೇಬ್ರೇ" ಎಂದೆ.

"ಹಾಗಾದ್ರೆ ಮನೆಯೋರನ್ನಾದ್ರೂ ನಿಲ್ಲಿಸ್ಕೊಳ್ರೀ" ಎಂದರು.

ಆಗಲಿ ಎಂದು ತಲೆಯಾಡಿಸಿದೆ. ಆದರೆ ಪಟ್ಟೆ ಚಡ್ಡಿಯಲ್ಲಿ, ಬೆನ್ನಿಗೆ ಸಿಲಿಂಡರು ಹೊತ್ತು ನಾನು ಬಾವಿಕಟ್ಟೆ ಹತ್ತುವ ದೃಶ್ಯವನ್ನು ಊಹಿಸಿಕೊಂಡೆ. ಗೌಸ್ ಬಂದರೆ ಅವರ ಮನೆಯವರೆಲ್ಲ ಕಾಂಪೌಂಡಿನ ಮೇಲೆ ತಲೆಯಿಡುತ್ತಾರೆ. ಸರೋಜ ನಿಂತರೆ ಪ್ರಾಣವಿರುವವರೆಗೂ ನೆನಪಿಸಿ ನಗುತ್ತಾಳೆ. ಹಾಗಾಗಿ ಭಾನುವಾರ ಅವಳು ಮಾರುಕಟ್ಟೆಗೆ ಹೋಗುವುದನ್ನೇ ಕಾದೆ. ಪುಸ್ತಕದಲ್ಲಿ ಸೊಂಟಕ್ಕೆ ಭಾರ ಕಟ್ಟಿಕೊಳ್ಳಬೇಕು ಎಂದಿತ್ತು. ಅಡುಗೆಮನೆಯ ರುಬ್ಬುವ ಗುಂಡುಕಲ್ಲನ್ನು ಹಗ್ಗದಿಂದ ಸೊಂಟಕ್ಕೆ ಬಿಗಿದುಕೊಂಡೆ. ಸೇದುವ ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟಿ, ಅದನ್ನು ಹಿಡಿದು ಕಲ್ಲುಗಳ ಮೇಲೆ ಕಾಲಿಡುತ್ತಾ ಇಳಿದೆ. ಆ ಗುಂಡುಕಲ್ಲೇ ಮಿಕ್ಕ ಕೆಲಸ ಮಾಡಿತು. ನಾನು ನೆಟ್ಟಗೆ ತಳ ಸೇರಿದೆ.

ಒಳಗೆ ಹಸಿರು ಮಬ್ಬು. ಗಾಳಿಯಲ್ಲಿ ರಬ್ಬರಿನ ವಾಸನೆ. ಆದರೂ ಸುಳ್ಳೇಕೆ ಹೇಳಲಿ, ಮೀನಿನಂತೆ ಉಸಿರಾಡುತ್ತಿದ್ದೇನೆ ಎಂದು ಹಿಗ್ಗಿದೆ. ನಗುವವರಿಲ್ಲದ ಜಗತ್ತು ಎಷ್ಟು ಸುಖ! ಕೆಸರಿನಲ್ಲಿ ಕೈಯಾಡಿಸುತ್ತಿರುವಾಗಲೇ ಕೊಳವೆ ಬಿಗಿಯಿತು. ಎಳೆದರೆ ಗಾಳಿ ಬರಲೊಲ್ಲದು. ಟೈರಿನ ಗಾಳಿ ಅಷ್ಟಕ್ಕೇ ಮುಗಿದಿತ್ತು. ಗುಂಡುಕಲ್ಲಿನ ಗಂಟು ನೀರು ಕುಡಿದು ಕಲ್ಲಾಗಿತ್ತು. ಮೇಲೇಳಲು ನೋಡಿದರೆ ಯಾರೋ ಹಿಂದಿನಿಂದ ಚಡ್ಡಿ ಹಿಡಿದು ಜಗ್ಗುತ್ತಿದ್ದಾರೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ! ನಕ್ಕರೂ ಪರವಾಗಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರೂ ಪರವಾಗಿರಲಿಲ್ಲ. ಹುಚ್ಚನಂತೆ ಹಗ್ಗ ಜಗ್ಗಿದೆ.

ಮೇಲೆ ನಡೆದದ್ದು ಆಮೇಲೆ ತಿಳಿಯಿತು. ಮಾರುಕಟ್ಟೆಯಿಂದ ಬಂದ ಸರೋಜ ದೋಸೆಗೆ ರುಬ್ಬಲು ಕೂತು, ಗುಂಡು ಕಾಣದೆ ಹುಡುಕುತ್ತಿದ್ದಳಂತೆ. ಗೇಟಿನಲ್ಲಿ ಮುನಿಯಮ್ಮ ಗರಡಿ ಕೇಳುತ್ತಿದ್ದರಂತೆ. ಅಷ್ಟರಲ್ಲಿ ಹಿತ್ತಿಲಲ್ಲಿ ರಾಟೆ ತಾನಾಗಿಯೇ ಕಿರುಗುಟ್ಟಿದೆ. ಓಡಿಬಂದು ಬಗ್ಗಿ ನೋಡಿದರೆ ನೀರಿನಲ್ಲಿ ಗುಳ್ಳೆಗಳು, ಕಟ್ಟೆಯ ಮೇಲೆ ನನ್ನ ಕನ್ನಡಕ. "ಅಯ್ಯೋ ಇವ್ರು ಕಣಮ್ಮಾ!" ಎಂದು ಸರೋಜ ಹಗ್ಗಕ್ಕೆ ಬಿದ್ದಳು. "ಎಳೀ ತಾಯಿ, ಬಿಡಬ್ಯಾಡ!" ಎಂದು ಮುನಿಯಮ್ಮ ಹಿಂದಿನಿಂದ ಕೈಜೋಡಿಸಿದರು. ಇಬ್ಬರೂ ಸೇರಿ ಎಳೆದ ಎಳೆತಕ್ಕೆ ಏನೋ ಪರ್ರನೆ ಹರಿದು, ನನ್ನ ತಲೆ ನೀರಿನಿಂದ ಹೊರಗೆ ಬಂತು.

ಗೋಡೆಯ ಕಲ್ಲು ಅಪ್ಪಿಕೊಂಡು ಬಿಕ್ಕಿಬಿಕ್ಕಿ ಉಸಿರೆಳೆದೆ. ಕೂಗಾಟ ಕೇಳಿ ಕಾಂಪೌಂಡು ಹಾರಿ ಬಂದ ಗೌಸ್ ಸಾಹೇಬರು ನನ್ನನ್ನು ಕಟ್ಟೆಯ ಮೇಲಕ್ಕೆ ಎತ್ತಿ ಹಾಕಿದರು. ಚಡ್ಡಿಯ ಹರಿದ ಹಿಂಬದಿಯಲ್ಲಿ, ಕೆಸರಿನಿಂದ ಕಿತ್ತುಬಂದ ಪಾತಾಳಗರಡಿ ನೇತಾಡುತ್ತಿತ್ತು. ಕಾಂಪೌಂಡಿನ ಮೇಲೆ ನಾನು ಊಹಿಸಿದ್ದಕ್ಕಿಂತ ಹೆಚ್ಚು ತಲೆಗಳಿದ್ದವು.

"ಸದ್ಯ, ಗರಡಿ ಸಿಕ್ತು" ಎಂದು ಮುನಿಯಮ್ಮ ಅದನ್ನು ಬಿಡಿಸಿಕೊಂಡು, ಅಲ್ಲೇ ಇನ್ನೊಂದು ಹಗ್ಗ ಕಟ್ಟಿ ಇಳಿಬಿಟ್ಟರು. ಎರಡೇ ಸುತ್ತಿಗೆ ತಾಮ್ರದ ಕೊಡ ಮೇಲೆ ಬಂತು. ಎಲ್ಲರೂ ನಕ್ಕರು. ಸರೋಜ ಮಾತ್ರ ನಗಲಿಲ್ಲ. ನನ್ನ ಪಕ್ಕ ಕೂತು ಗುಂಡುಕಲ್ಲಿನ ಗಂಟು ಬಿಚ್ಚತೊಡಗಿದಳು. "ನನ್ನ ಕರೆಯಕ್ಕೆ ಏನಾಗಿತ್ರೀ ನಿಮಗೆ?" ಎಂದಳು, ಅಷ್ಟೇ.

ಅಂದಿನಿಂದ ನಾನು ಸ್ನಾನಕ್ಕೆ ಹೋದರೂ ಬಚ್ಚಲುಮನೆಯ ಬಾಗಿಲು ತಟ್ಟಿ "ಇದ್ದೀರಾ?" ಎಂದು ಕೇಳುವುದು ಅವಳಿಗೆ ಅಭ್ಯಾಸವಾಯಿತು. ಬಕೆಟ್ಟಿನಲ್ಲಿ ಯಾರು ಮುಳುಗುತ್ತಾರೆ, ಅಕ್ಕಪಕ್ಕದವರು ಕೇಳಿದರೆ ಏನೆಂದುಕೊಂಡಾರು ಎಂದು ರೇಗುತ್ತಿದ್ದೆ. ಮೊನ್ನೆ ನೆಂಟರ ಗಲಾಟೆಯಲ್ಲಿ ಅವಳಿಗೆ ಮರೆತಿರಬೇಕು, ಬಾಗಿಲು ತಟ್ಟಲಿಲ್ಲ. ಮೈಗೆಲ್ಲ ಸೋಪು ಹಚ್ಚಿಕೊಂಡು ಸ್ವಲ್ಪ ಹೊತ್ತು ಕಾದೆ. ಕೊನೆಗೆ ತಡೆಯಲಾರದೆ, ನಡುಮನೆಯ ನೆಂಟರಿಗೆಲ್ಲ ಕೇಳುವಂತೆ ಒಳಗಿನಿಂದ ನಾನೇ ಕೂಗಿದೆ:

"ಇದ್ದೀನಿ ಕಣೇ!"