ಎರಡನೇ ಮಹಡಿಯ ಹಡಗು

ನನ್ನ ಮೈದುನನಿಗೆ ಹುಚ್ಚು ಎಂದು ಮುಂಬಯಿಯ ಪರೇಲಿನ ನಮ್ಮ ಚಾಳಿನವರೆಲ್ಲ ಹೇಳುತ್ತಿದ್ದರು. ಸುಳ್ಳು! ಹುಚ್ಚಿಗೆ ಔಷಧವಾದರೂ ಇರುತ್ತದೆ.

ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ನೌಕಾಪಡೆಯಿಂದ ನಿವೃತ್ತನಾಗಿ ಅವನು ನಮ್ಮ ಖೋಲಿಗೆ, ಇದ್ದೊಂದೇ ಕೋಣೆಗೆ, ಬಂದ. ಅವತ್ತಿನಿಂದ ಖೋಲಿ ಹಡಗಾಯಿತು. ಹೊಸ್ತಿಲಲ್ಲಿ ನಿಂತು ಎದುರಿನ ಗೋಡೆಗೆ ಸೆಲ್ಯೂಟ್ ಹೊಡೆದೇ ಒಳಗೆ ಕಾಲಿಡುತ್ತಿದ್ದ. ಹಡಗು ಹತ್ತುವವರ ಪದ್ಧತಿಯಂತೆ. ಆ ಗೋಡೆಯ ಮೇಲೆ ನನ್ನ ಲಂಗ ಒಣಗುತ್ತಿದ್ದರೆ ಅದಕ್ಕೂ ಸೆಲ್ಯೂಟ್!

ಬಾಯಲ್ಲಿ ಸಿಳ್ಳೆ ಹಾಕುವಂತಿಲ್ಲ. ಹಡಗಿನಲ್ಲಿ ಅದು ದಂಗೆಯ ಗುರುತಂತೆ.

"ಅಡಗಿ ಮಾಡಾವ್ರಿಗೆ ಅಷ್ಟಽ ಅಪ್ಪಣೆ ಐತ್ರಿ, ವೈನಿ," ಎಂದು ಅತ್ತಿಗೆಯಾದ ನನಗೆ ಹೇಳಿದ.

"ಅವ್ರಿಗ್ಯಾಕೋ?"

"ಸಿಳ್ಳಿ ಹಾಕೋ ಬಾಯಿ ಕದ್ದು ತಿನ್ನೂದಿಲ್ಲ ನೋಡ್ರಿ."

ಕಡಬಿನ ದಿನ ಹೂರಣದ ಪಾತ್ರೆ ಅವನ ಕೈಗೇ ಕೊಟ್ಟೆ. ಸಿಳ್ಳೆ ಕೇಳಿಸಲಿಲ್ಲ. ಹೂರಣ ಅರ್ಧವಾಗಿತ್ತು.

ಅವನ ಕೊರಳಲ್ಲಿ ಹಿತ್ತಾಳೆಯ ಪೀಪಿಯೊಂದಿತ್ತು. ಸಂಜೆ ನನ್ನ ಗಂಡ ಬಟ್ಟೆ ಗಿರಣಿಯಿಂದ ಬಂದು ಮೆಟ್ಟಿಲು ಹತ್ತುವಾಗ ಮೈದುನ ಅದನ್ನು ಊದುತ್ತಿದ್ದ. ಕ್ಯಾಪ್ಟನ್ನನಿಗೆ ಕೊಡುವ ಮರ್ಯಾದೆಯಂತೆ. ನಾನೂ ಕೊಡ ಹೊತ್ತು ಅದೇ ಮೆಟ್ಟಿಲು ಹತ್ತುತ್ತಿದ್ದೆ!

"ನನಗ್ಯಾಕ ಊದಂಗಿಲ್ಲೋ?"

"ಹಡಗಿಗೆ ಕ್ಯಾಪ್ಟನ್ ಒಬ್ಬನಽ ರಿ."

"ಹಂಗಾರ ನಾನ್ಯಾರು?"

ಪೀಪಿಯನ್ನು ಅಂಗಿಗೆ ಒರೆಸಿಕೊಳ್ಳುತ್ತ, "ಎಂಜಿನ್ ರಿ," ಎಂದ.

ಒಂದು ಸಂಜೆ ಗಂಡ ಆ ಮೆಟ್ಟಿಲಲ್ಲೇ ಜಾರಿ ಬಿದ್ದು ಕಾಲು ಮುರಿದುಕೊಂಡ. ಮೈದುನ ಪೀಪಿ ಪೂರ್ತಿ ಊದಿ, ಆಮೇಲೆ ಅಣ್ಣನನ್ನು ಎತ್ತಿದ. ಪದ್ಧತಿ ಎಂದರೆ ಪದ್ಧತಿ!

ಪಗಾರ ನಿಂತಿತು. ಗಿರಣಿಯ ಗೇಟಿನಲ್ಲಿ ಜೋಳದ ರೊಟ್ಟಿ ಮಾರುತ್ತೇನೆಂದೆ.

"ಹೆಂಡ್ತಿ ಬುಟ್ಟಿ ಹೊತ್ರ ಗೆಳ್ಯಾರಿಗೆ ಹೆಂಗ ಮಾರಿ ತೋರಸ್ಲಿ?" ಎಂದು ಗಂಡ ಗೋಡೆಯ ಕಡೆ ಹೊರಳಿ ಮಲಗಿದ. ಮಾತು ಬಿಟ್ಟ. ನಾನು ಬುಟ್ಟಿ ಹೊತ್ತು ನಡೆದೆ.

ಸಂಜೆ ಖಾಲಿ ಬುಟ್ಟಿಯೊಂದಿಗೆ ಮೆಟ್ಟಿಲು ಹತ್ತುತ್ತಿದ್ದೆ. ಪೀಪಿ ಕೂಗಿತು. ಯಾರು ಬಂದರೆಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಕ್ಯಾಪ್ಟನ್ ಒಬ್ಬನಽ ಅಂದಿದ್ಯಲ್ಲೋ?"

"ಹೌದ್ರಿ. ಊದು ಅಂತ ಹುಕುಂ ಕೊಟ್ಟಾಂವ ಅವನಽ," ಎಂದು ಮೈದುನ ಒಳಗೆ ತೋರಿಸಿದ.

ಗಂಡ ಬಾಗಿಲ ಕಡೆ ಹೊರಳಿ ಮಲಗಿದ್ದ. ಕೈ ಹಣೆಯ ಮೇಲಿತ್ತು, ಸೆಲ್ಯೂಟಿನ ಹಾಗೆ.

ಬುಟ್ಟಿ ಕೆಳಗಿಟ್ಟು ನಾನೂ ಸೆಲ್ಯೂಟ್ ಹೊಡೆದೆ. ಯಾವ ಕೈಯೆಂದು ಗೊತ್ತಿರಲಿಲ್ಲ, ಎಡಗೈಯಲ್ಲಿ ಹೊಡೆದೆ.

ಮೈದುನ ನೋಡಿದ. ತಪ್ಪು ಹಿಡಿಯಲಿಲ್ಲ.